ಲತೀನೊ, ಹಿಸ್ಪಾನಿಕ್, ಚಿಕಾನೊ: ಯಾವಾಗ ಯಾವುದು?

ಗೆಳೆಯರೇ, ನಮಸ್ಕಾರ.

ಇಲ್ಲಿನ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಕ್ಯಾಲಿಫೋರ್ನಿಯಾದ ಮೆಂಡೆಸ್ ಮೊಕದ್ದಮೆಯ ಬಗ್ಗೆ ಬರೆಯುತ್ತಿದ್ದೇನೆ. ಕಥೆಯೇನೋ ಸಲೀಸಾಗಿ ಬರುತ್ತಿದೆ. ಆದರೆ ಅಮೆರಿಕದಲ್ಲಿರುವ ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ ಮುಂತಾದ ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದ ಈ ಜನರನ್ನು ಕನ್ನಡದಲ್ಲಿ ಏನಂತ ಕರೆಯಬೇಕು ಅನ್ನುವಲ್ಲಿ ಪೆನ್ನು ನಿಂತಿದೆ.

ವಿಷಯ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳುತ್ತೇನೆ. 1940ರ ದಶಕದಲ್ಲಿ ಆರೆಂಜ್ ಕೌಂಟಿಯ ಹಲವು ಊರುಗಳಲ್ಲಿ ಮೆಕ್ಸಿಕೊ ಮೂಲದ ಮಕ್ಕಳಿಗೆ ಬೇರೆಯೇ ಶಾಲೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಗೊನ್ಸಾಲೊ ಮೆಂಡೆಸ್ ಅವರ ಮಕ್ಕಳನ್ನು ಸೋದರತ್ತೆ ತನ್ನ ಮಕ್ಕಳ ಜೊತೆ ಬಿಳಿಯರ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಅತ್ತೆಯ ಮಕ್ಕಳ ಬಣ್ಣ ತಿಳಿ, ಮನೆಹೆಸರೂ ಬೇರೆ. ಅವರನ್ನು ಸೇರಿಸಿಕೊಂಡರು. ಮೆಂಡೆಸ್ ಮಕ್ಕಳು ಮಾತ್ರ 'ಮೆಕ್ಸಿಕನ್ ಶಾಲೆ'ಗೆ ಹೋಗಬೇಕಂತೆ! ಆ ಅತ್ತೆ ತನ್ನ ಮಕ್ಕಳನ್ನೂ ಅಲ್ಲಿ ಬಿಡದೆ ವಾಪಸ್ ಕರೆತಂದರು. 1945ರಲ್ಲಿ ಐದು ಕುಟುಂಬಗಳು ಸೇರಿ ನಾಲ್ಕು ಶಾಲಾ ಆಡಳಿತಗಳ ಮೇಲೆ ಕೇಸು ಹಾಕಿದವು. 1946ರಲ್ಲಿ ಗೆದ್ದವು. 1947ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಶಾಲೆಗಳಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆ ಮಾಡುವುದು ಸಲ್ಲದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ 1954ರ ಪ್ರಸಿದ್ಧ ಬ್ರೌನ್ ತೀರ್ಪಿಗಿಂತ ಇದು ಏಳು ವರ್ಷ ಹಿಂದಿನದು.

ಈಗ ಪದದ ಗಂಟು ನೋಡಿ. ಮಕ್ಕಳು ಹುಟ್ಟಿದ್ದು ಅಮೆರಿಕದಲ್ಲೇ. ತಾಯಿ ಫೆಲಿಸಿತಾಸ್ ಮೆಕ್ಸಿಕೊದವರೇ ಅಲ್ಲ, ಪೋರ್ಟೊ ರಿಕೊದವರು. 1917ರಿಂದ ಅಲ್ಲಿಯವರೆಲ್ಲ ಅಮೆರಿಕದ ಪ್ರಜೆಗಳು. ಆದರೂ ಶಾಲೆಯವರ ಬಾಯಲ್ಲಿ ಎಲ್ಲರೂ 'ಮೆಕ್ಸಿಕನ್'. ಅತ್ತ ಕೋರ್ಟಿನಲ್ಲಿ ಎರಡೂ ಕಡೆಯವರು ಒಪ್ಪಿಕೊಂಡದ್ದು ಇನ್ನೂ ವಿಚಿತ್ರ: ಇಲ್ಲಿ ಜನಾಂಗದ ಪ್ರಶ್ನೆಯೇ ಇಲ್ಲ. ಕಾನೂನಿನ ಲೆಕ್ಕದಲ್ಲಿ ಇವರೂ ಬಿಳಿಯರೇ! 1930ರ ಜನಗಣತಿಯಲ್ಲಿ 'ಮೆಕ್ಸಿಕನ್' ಅನ್ನುವುದು ಒಂದು ಬೇರೆ ಜನಾಂಗವಾಗಿತ್ತು, 1940ರಲ್ಲಿ ಅದನ್ನು ತೆಗೆದು ಹಾಕಿದ್ದರು.

ಹೀಗಿರುವಾಗ 1945ರ ಘಟನೆಗೆ 'ಹಿಸ್ಪಾನಿಕ್ ಮಕ್ಕಳು' ಅಂತ ಬರೆದರೆ ಸರಿ ಹೋಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅದು ಸ್ಪ್ಯಾನಿಷ್ ನುಡಿಯ ಮೂಲದವರಿಗೆಲ್ಲ ಇಟ್ಟ ಸರ್ಕಾರಿ ಕಡತದ ಪದ. 1977ರ ಆದೇಶವೊಂದರಿಂದ ಗಟ್ಟಿಯಾಯಿತು, 1980ರ ಜನಗಣತಿಯಲ್ಲಿ ಮನೆಮನೆಗೂ ಹೋಯಿತು. 'ಲತೀನೊ', ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು ಅನ್ನುವ ಪದ, ಜನಗಣತಿಯ ಫಾರಂಗಳಿಗೆ ಬಂದದ್ದು 2000ದ ಗಣತಿಯಲ್ಲಿ. ಇನ್ನು 'ಚಿಕಾನೊ' ಅನ್ನುವುದಕ್ಕೆ ಬೇರೆಯದೇ ಖಾರ. ಮೊದಲು ಬೈಗುಳದ ಹಾಗೆ ಬಳಕೆಯಾಗುತ್ತಿದ್ದ ಮಾತು. ಅದನ್ನೇ 1960ರ ದಶಕದಲ್ಲಿ ಮೆಕ್ಸಿಕೊ ಮೂಲದ ಹುಡುಗರು ಎದೆಯುಬ್ಬಿಸಿ ಹೇಳಿಕೊಂಡರು. 1968ರ ಮಾರ್ಚಿನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲುಗಳಿಂದ ಸಾವಿರಾರು ಮಕ್ಕಳು ಶಾಲೆಗಳ ದುಃಸ್ಥಿತಿಯನ್ನು ಪ್ರತಿಭಟಿಸಿ ತರಗತಿ ಬಿಟ್ಟು ಹೊರಗೆ ಬಂದರಲ್ಲ, ಅವರ ಬಗ್ಗೆ ಬರೆಯುವಾಗ ಚಿಕಾನೊ ಅನ್ನದೆ ಬೇರೆ ಏನನ್ನೂ ಅನ್ನಬಾರದು. ಆದರೆ ಪೋರ್ಟೊ ರಿಕೊ, ಕ್ಯೂಬಾ ಕಡೆಯವರಿಗೆ ಅದು ಸಲ್ಲದು.

ಕನ್ನಡ ಪತ್ರಿಕೆಗಳಲ್ಲಿ ಕೆಲವೊಮ್ಮೆ ಇವರೆಲ್ಲರನ್ನೂ 'ಲ್ಯಾಟಿನ್ ಅಮೆರಿಕನ್ನರು' ಅಂದುಬಿಡುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಓದುಗರು ಪೆರು, ಚಿಲಿ ಅಂತ ಆ ಕಡೆ ನೋಡುತ್ತಾರೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಕೆಲವು ಮನೆತನಗಳಂತೂ 1848ಕ್ಕೂ ಮೊದಲು, ಅದು ಮೆಕ್ಸಿಕೊ ಆಗಿದ್ದಾಗಿನಿಂದಲೂ ಅಲ್ಲೇ ಇವೆ. ಅವರು ಎಲ್ಲಿಂದಲೂ ವಲಸೆ ಬಂದವರಲ್ಲ.

ಇನ್ನು ಬರೆಯುವ ರೀತಿ. ಇಂಗ್ಲಿಷ್ ಬಾಯಿಂದ ಕೇಳಿ ನಾವು 'ಲ್ಯಾಟಿನೊ' ಅಂತೇವೆ. ಸ್ಪ್ಯಾನಿಷ್‌ನಲ್ಲಿ ಅಲ್ಲಿರುವುದು ನಮ್ಮ ತಕಾರವೇ, 'ಲ್ಯಾ' ಅನ್ನುವ ಉಚ್ಚಾರವೂ ಇಲ್ಲ. ಹಾಗಾಗಿ 'ಲತೀನೊ' ಅಂತಲೇ ಬರೆಯುತ್ತಿದ್ದೇನೆ. 'ಹಿಸ್ಪಾನಿಕ್' ಮಾತ್ರ ಇಂಗ್ಲಿಷಿನದೇ ಇರಲಿ, ಅದು ಹೇಗೂ ಆಫೀಸಿನ ಪದ.

ಬಹುವಚನವೇ ದೊಡ್ಡ ತಲೆನೋವು. 'ಲತೀನೊಗಳು' ವ್ಯಾಕರಣಕ್ಕೆ ತಪ್ಪಲ್ಲ, ಪಂಜಾಬಿಗಳು ಅನ್ನುವುದಿಲ್ವಾ? ಆದರೂ ಕಿವಿಗೆ ವಸ್ತುಗಳ ಹಾಗೆ ಕೇಳುತ್ತದೆ. ನನ್ನ ಒಲವು 'ಲತೀನರು' ಕಡೆಗೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಸ್ಪ್ಯಾನಿಷ್‌ನಲ್ಲಿ ಗಂಡು ಲತೀನೊ, ಹೆಣ್ಣು ಲತೀನಾ, ಇಬ್ಬರೂ ಸೇರಿದರೆ ಗಂಡಿನ ರೂಪವೇ ಗೆಲ್ಲುತ್ತದೆ. ಇದು ಬೇಡ ಅಂತ ಕೆಲವರು ಕೊನೆಗೆ ಎಕ್ಸ್ ಅಕ್ಷರ ಸೇರಿಸಿ 'ಲ್ಯಾಟಿನೆಕ್ಸ್' ಮಾಡಿದರು. 2020ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಪ್ರಕಟವಾದಾಗ, ಅದನ್ನು ತಮಗೆ ಬಳಸಿಕೊಳ್ಳುವವರು ಶೇಕಡಾ 3 ಮಂದಿ ಮಾತ್ರ ಅಂತ ಗೊತ್ತಾಯಿತು. ನಮ್ಮ 'ಅರು' ಪ್ರತ್ಯಯಕ್ಕೆ ಗಂಡು ಹೆಣ್ಣಿನ ಭೇದವೇ ಇಲ್ಲ, ಆ ಜಗಳ ಕನ್ನಡಕ್ಕೆ ಬರುವ ಮೊದಲೇ ಮುಗಿಯಿತು.

ಒಂದು ಅನುಮಾನ ಉಳಿದಿದೆ. 'ಲತೀನರು' ಅಂದರೆ ರೋಮಿನ ಹಳೇ ಲ್ಯಾಟಿನ್ ಜನ ಅಂತ ಯಾರಾದರೂ ತಿಳಿದಾರಾ? ಹಾಗಿದ್ದರೆ 'ಲತೀನೊ ಜನ', 'ಲತೀನೊ ಮಕ್ಕಳು' ಅಂತ ಸುಮ್ನೆ ಬಿಡಿಸಿ ಬರೆಯುವುದು ವಾಸಿಯೇ? ಹುಡುಗಿಗೆ 'ಲತೀನಾ' ಉಳಿಸಿಕೊಳ್ಳಬೇಕಾ? ಪತ್ರಿಕೆಗಳಲ್ಲಿ ವಿದೇಶ ಸುದ್ದಿ ನೋಡಿಕೊಂಡವರು ಈ ಗುಂಪಿನಲ್ಲಿ ಇದ್ದೀರಿ, ನಿಮ್ಮಲ್ಲಿ ಏನು ರೂಢಿ ಇತ್ತು ತಿಳಿಸಿ. ಸಂಪಾದಕರು ಶುಕ್ರವಾರದೊಳಗೆ ಬರಹ ಕೇಳಿದ್ದಾರೆ.