ಸಹಾಯ ಬೇಕು: ವಾಲ್ಟರ್ ಟಲ್ ಅವರ ನಾರ್ಥಾಂಪ್ಟನ್ ದಿನಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವವರು, ಅದರಲ್ಲೂ ನಾರ್ಥಾಂಪ್ಟನ್ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ಟಲ್ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ. ತಂದೆ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಿಂದ ಬಂದ ಕಪ್ಪು ಜನಾಂಗದ ಬಡಗಿ. ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಕೊಂಡರು, ಹುಡುಗ ಲಂಡನ್ನಿನ ಅನಾಥಾಲಯದಲ್ಲಿ ಬೆಳೆದ. 1909ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಫುಟ್‌ಬಾಲ್ ತಂಡ ಸೇರಿದರು. ಅದೇ ವರ್ಷ ಬ್ರಿಸ್ಟಲ್‌ನಲ್ಲಿ ಪ್ರೇಕ್ಷಕರು ಅವರ ಮೈಬಣ್ಣ ಹಿಡಿದು ಕೆಟ್ಟದಾಗಿ ಬೈದರು. ಆಮೇಲೆ ಮೊದಲ ತಂಡದಲ್ಲಿ ಅವಕಾಶ ಸಿಕ್ಕಿದ್ದೇ ಕಡಿಮೆ. 1911ರಲ್ಲಿ ನಾರ್ಥಾಂಪ್ಟನ್ ಟೌನ್ ತಂಡದ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್, ಟಲ್ ಅವರನ್ನು ತಮ್ಮ ತಂಡಕ್ಕೆ ಕರೆಸಿಕೊಂಡರು. ಆಗ ಅದು ಸದರ್ನ್ ಲೀಗ್ ಎಂಬ ಟೂರ್ನಿಯಲ್ಲಿ ಆಡುತ್ತಿದ್ದ ತಂಡ. ಅಲ್ಲಿ ಹಾಫ್ ಬ್ಯಾಕ್ (ಮೈದಾನದ ನಡುಭಾಗದ ಆಟಗಾರ) ಆಗಿ ನೂರಕ್ಕೂ ಜಾಸ್ತಿ ಪಂದ್ಯ ಆಡಿದರು.

ಆದರೆ ಅವರ ಬಗ್ಗೆ ಎಲ್ಲಿ ನೋಡಿದರೂ ಮೊದಲ ಮಹಾಯುದ್ಧದ ಕಥೆಯೇ. ಸೈನ್ಯದಲ್ಲಿ ಅಧಿಕಾರಿಯಾಗಿದ್ದು, 1918ರ ಮಾರ್ಚ್ 25ರಂದು ಫ್ರಾನ್ಸ್‌ನಲ್ಲಿ ಮಡಿದಿದ್ದು ದೊಡ್ಡ ವಿಷಯವೇ, ಒಪ್ಪುತ್ತೇನೆ. ಆದರೂ ನೂರು ಪಂದ್ಯಗಳ ಆಟ ಒಂದೇ ಸಾಲಿನಲ್ಲಿ ಮುಗಿದರೆ ಅನ್ಯಾಯ ಅಲ್ವಾ?

ನನಗೆ ಬೇಕಿರುವುದು 1911ರಿಂದ 1914ರವರೆಗಿನ ಸ್ಥಳೀಯ ಪತ್ರಿಕೆಗಳ ಪಂದ್ಯ ವರದಿಗಳು. ಲೈಬ್ರರಿಯಲ್ಲಿ ನೋಡಲು ಸಿಕ್ಕರೆ ಫೋನಿನಲ್ಲೇ ಫೋಟೋ ತೆಗೆದು ಕಳಿಸಿದರೂ ಸಾಕು. ಅವರು ಚೆಂಡು ಹೇಗೆ ಪಾಸ್ ಮಾಡುತ್ತಿದ್ದರು, ಎದುರಾಳಿಯನ್ನು ಹೇಗೆ ತಡೆಯುತ್ತಿದ್ದರು ಎಂದು ಬರೆದಿರುವ ಸಾಲುಗಳಿದ್ದರೆ ಅವನ್ನು ಮೊದಲು ಕಳಿಸಿ. ನಾರ್ಥಾಂಪ್ಟನ್ ಟೌನ್ ತಂಡದ ಈಗಿನ ಮೈದಾನ ಸಿಕ್ಸ್‌ಫೀಲ್ಡ್ಸ್ ಸ್ಟೇಡಿಯಂ ಹತ್ತಿರ ಅವರ ಸ್ಮಾರಕವಿದೆ. ಅದರ ಮೇಲಿನ ಬರಹ ಪೂರ್ತಿ ಓದುವಂತೆ ಒಂದು ಫೋಟೋನೂ ಬೇಕು. ಕಾಪಿಗೆ ಖರ್ಚಾದರೆ ನಾನು ಕೊಡುತ್ತೇನೆ. ಇಲ್ಲೇ ಕಾಮೆಂಟ್‌ನಲ್ಲಿ ತಿಳಿಸಿ.