ಅಪ್‌ಡೇಟ್: ಗಂಡಸರ ಉಣ್ಣೆ ಕಾರ್ಡಿಗನ್, ಪುಣೆ
ಎರಡೇ ತಿಂಗಳಲ್ಲಿ ಕಂಕುಳ ಹತ್ತಿರ ನೂಲಿನ ಸಣ್ಣ ಉಂಡೆ ಏಳದಂಥ ಕಾರ್ಡಿಗನ್ (ಮುಂದೆ ತೆರೆಯುವ ಸ್ವೆಟರ್) ಗುರುತಿಸೋದು ಹೇಗೆ ಅಂತ ಹೋದ ವಾರ ಕೇಳಿದ್ದೆ. ಕೆಲಸಕ್ಕೆ ಬಂದಿದ್ದು ನೂಲು ಸುಟ್ಟು ನೋಡುವ ಸಲಹೆ. ಕಾರ್ಡಿಗನ್ ಜೊತೆಗೆ ಕೊಡುವ ಹೆಚ್ಚುವರಿ ನೂಲನ್ನು ಚಿಮಟದಲ್ಲಿ ಹಿಡಿದು ಸುಟ್ಟರೆ ಉಣ್ಣೆಗೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಪುಡಿ. ಅಕ್ರಿಲಿಕ್ (ಕೃತಕ ನೂಲು) ಕರಗಿ ಗಟ್ಟಿ ಮಣಿಯಾಗುತ್ತೆ. ‘ಪ್ಯೂರ್ ವುಲ್’ ಅಂತ ಲೇಬಲ್ ಇದ್ದದ್ದೊಂದು ಮಣಿಯೇ ಆಯ್ತು!

‘ಮೆತ್ತಗಿದ್ದರೆ ತಗೊಳ್ಳಿ’ ಅನ್ನೋ ಸಲಹೆ ಸರಿಹೋಗಲಿಲ್ಲ. ಸಡಿಲವಾಗಿ ಹೊಸೆದ ನೂಲು ಮೆತ್ತಗಿರುತ್ತೆ, ಆದರೆ ಬೇಗ ಉಂಡೆ ಕಟ್ಟೋದೂ ಅದೇ. ಕೊನೆಗೆ ತಗೊಂಡಿದ್ದು ಎರಡೆಳೆ ಮೆರಿನೋ (ನಯವಾದ ಒಂದು ಬಗೆಯ ಕುರಿ ಉಣ್ಣೆ), ಬಿಗಿ ಹೆಣಿಗೆ. ಪುಣೆ ಚಳಿಗೆ ತೆಳುವಾದದ್ದೇ ಸಾಕು.

ಹೊಸದಾಗಿ ತಿಳಿದದ್ದು: ಒಳ್ಳೆ ಉಣ್ಣೆಯಲ್ಲೂ ಮೊದಮೊದಲು ಉಂಡೆ ಬರುತ್ತೆ, ಬಿಡಿ ಎಳೆಗಳು ಉದುರಿದ ಮೇಲೆ ಕಡಿಮೆಯಾಗುತ್ತೆ. ಅಕ್ರಿಲಿಕ್‌ನ ಗಟ್ಟಿ ಎಳೆ ಮಾತ್ರ ಉಂಡೆಯನ್ನ ಉದುರೋಕೇ ಬಿಡಲ್ಲ.