ಅಡಿಕೆ ಸಿಪ್ಪೆಯಿಂದ ಬೋರ್ಡ್: ಕೆಲಸ ಗೊತ್ತಿದ್ದವರು ಹೇಳಿ

ಚನ್ನಗಿರಿ ಕಡೆಯ ಬೆಳೆಗಾರ: ಸುಲಿಯೋ ಕೆಲಸ ಶುರುವಾದರೆ ಸಾಕು, ನಮ್ಮ ಕಡೆ ರಸ್ತೆ ಪಕ್ಕದಲ್ಲೆಲ್ಲ ಸಿಪ್ಪೆ ರಾಶಿ. ಕೆಲವರು ಬೆಂಕಿ ಹಚ್ಚುತ್ತಾರೆ, ಹೊಗೆ ಕಾಟ ಬೇರೆ. ಇದರಿಂದ ಪಾರ್ಟಿಕಲ್ ಬೋರ್ಡ್, ಅಂದ್ರೆ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಮಾಡಬಹುದಂತೆ. ಅದನ್ನು ಒತ್ತುವ ಸಣ್ಣದೊಂದು ಯಂತ್ರ, ಪ್ರೆಸ್, ಹಾಕುವ ಯೋಚನೆ ಇದೆ. ಏನಂತೀರಿ?

ಬೋರ್ಡ್ ಕಾರ್ಖಾನೆಯಲ್ಲಿ ಪ್ರೆಸ್ ನೋಡಿಕೊಳ್ಳುವವರು: ಪ್ರೆಸ್ ಆಮೇಲೆ ಸರ್, ಮೊದಲು ಡ್ರೈಯರ್ ಲೆಕ್ಕ ಹಾಕಿ. ನಿಮ್ಮದು ಹಸಿ ಕಾಯಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವ ಊರು, ಅಂದ್ರೆ ಹಸಿ ಸಿಪ್ಪೆ. ರಾಶಿ ಹಾಕಿದರೆ ಒಳಗೇ ಕಾದು ಕೊಳೆಯುತ್ತೆ. ಕೊಳೆತ ನಾರಿಗೆ ಬಲ ಇರಲ್ಲ.

ಸಿಪ್ಪೆ ಪುಡಿ ಮಾಡಿ, ಜರಡಿ ಹಿಡಿದು, ತೇವ ಶೇಕಡಾ 3-4ಕ್ಕೆ ಇಳಿಸಿದ ಮೇಲೆ ಅಂಟು. ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್, ಒಣ ಪುಡಿಯ ತೂಕದ ಶೇಕಡಾ 8-10ರಷ್ಟು. ಆಮೇಲೆ 150ರಿಂದ 180 ಡಿಗ್ರಿ ಬಿಸಿಯಲ್ಲಿ ಒತ್ತುತ್ತೇವೆ. ತೇವ ಜಾಸ್ತಿ ಇದ್ದರೆ ಆವಿ ಒಳಗೇ ಸಿಕ್ಕಿಕೊಂಡು, ಪ್ರೆಸ್ ಬಿಟ್ಟ ತಕ್ಷಣ ಢಬ್ ಅಂತ ಬೋರ್ಡ್ ನಡುವೆ ಸೀಳುತ್ತೆ. ಮೇಲಿಂದ ನೋಡಿದರೆ ಗೊತ್ತೇ ಆಗಲ್ಲ. ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಸೀಳಿದ ಕಡೆ ಸದ್ದು ಪೊಳ್ಳಾಗಿ ಬರುತ್ತೆ.

ಇನ್ನೊಂದು, ಧೂಳು. ನಮ್ಮಲ್ಲಿ ಕಬ್ಬಿನ ಸಿಪ್ಪೆ ಬರುತ್ತೆ. ಅದರೊಳಗಿನ ಮೆದು ತಿರುಳು ಅಂಟನ್ನೆಲ್ಲ ಕುಡಿದುಬಿಡುತ್ತೆ, ಬಲವನ್ನಂತೂ ಕೊಡಲ್ಲ. ಅದಕ್ಕೇ ಮೊದಲು ತಿರುಳು ತೆಗೆಯೋದು. ನೀವೂ ನಯವಾದ ಪುಡಿಯನ್ನು ಬೇರೆ ಮಾಡಿ. ಅಂಟಿನ ಬಿಲ್ ನೋಡಿದ ಮೇಲೆ ನಿಮಗೇ ಅರ್ಥವಾಗುತ್ತೆ!

ಬೆಳೆಗಾರ: ಕಣದಲ್ಲಿ ಬಿಸಿಲಿಗೆ ಹರಡಿದರೆ ಸಾಲದಾ?

ಪ್ರೆಸ್‌ನವರು: ಅರ್ಧ ದಾರಿ ಅಷ್ಟೇ. ಬಿಸಿಲಲ್ಲಿ ಎಷ್ಟು ಒಣಗಿಸಿದರೂ ಗಾಳಿಯ ತೇವ ಉಳಿದೇ ಉಳಿಯುತ್ತೆ, 3-4ಕ್ಕೆ ಇಳಿಯಲ್ಲ. ಅದೂ ಅಲ್ಲದೆ ನಿಮ್ಮ ಕೊಯ್ಲು ಮಳೆಗಾಲದಲ್ಲೇ ಶುರು ಅಲ್ವಾ?

ರಾಯಚೂರಿನ ಹತ್ತಿ ರೈತ: ನಮ್ಮಲ್ಲಿ ಹತ್ತಿ ಕಟ್ಟಿಗೆ. ಅದರಿಂದ ಬೋರ್ಡ್ ಮಾಡುವ ವಿಧಾನವನ್ನು ಮುಂಬೈನ ಹತ್ತಿ ಸಂಶೋಧನಾ ಸಂಸ್ಥೆ ಸಿರ್ಕಾಟ್ ರೂಪಿಸಿದೆ. ತೊಡಕು ಇರೋದು ಸಾಗಾಟದಲ್ಲಿ. ಲಾರಿ ತುಂಬಿ ತುಳುಕಿದರೂ ತೂಕ ಬರಲ್ಲ, ಬಾಡಿಗೆ ಮಾತ್ರ ಪೂರ್ತಿ. ನಿಮಗೆ ಮಾಲು ಮನೆ ಬಾಗಿಲಲ್ಲೇ ಇದೆ, ಪುಣ್ಯ ಮಾಡಿದ್ದೀರಿ. ಆದರೂ ಸುಮ್ನೆ ಸಾಲ ಮಾಡಬೇಡಿ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ಮೊದಲು ಇಪಿರ್ಟಿ ಅಂತಿದ್ದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇದೆ. ಒಂದು ಚೀಲ ಸಿಪ್ಪೆ ತಗೊಂಡು ಹೋಗಿ ವಿಚಾರಿಸಿ. ಪಾರ್ಟಿಕಲ್ ಬೋರ್ಡಿನ ಭಾರತೀಯ ಮಾನದಂಡ ಐಎಸ್ 3087 ಪ್ರಕಾರ ಪರೀಕ್ಷೆ ಮಾಡಿಸಿದ ರಿಪೋರ್ಟ್ ಇದ್ದರೆ ಮಾರುವಾಗ ಮಾತಿಗೆ ತೂಕ ಬರುತ್ತೆ.

ದಾವಣಗೆರೆಯ ಬಡಗಿ: ನಾನು ಕೊಳ್ಳುವವನು, ನನ್ನ ಮಾತೂ ಕೇಳಿ ಅಣ್ಣ. ಯಾವ ಬೋರ್ಡ್ ಬಂದರೂ ಮೊದಲು ಅಂಚಿಗೆ ಒಂದು ಸ್ಕ್ರೂ ಹಾಕಿ ನೋಡ್ತೀನಿ. ಪುಡಿ ಉದುರಿದರೆ ವಾಪಸ್. ಒಂದು ತುಂಡು ಎರಡು ಗಂಟೆ ನೀರಲ್ಲಿಟ್ಟು, ದಪ್ಪ ಎಷ್ಟು ಉಬ್ಬಿತು ಅಂತ ಅಳೀತೀನಿ. ಮೇಣ ಸೇರಿಸಿದ ಬೋರ್ಡ್ ಕಡಿಮೆ ಉಬ್ಬುತ್ತೆ. ಕಟ್ ಮಾಡುವಾಗ ಕಣ್ಣು ಉರಿಯುವಷ್ಟು ಫಾರ್ಮಾಲ್ಡಿಹೈಡ್ ವಾಸನೆ ಬಂದರೆ ಮಕ್ಕಳ ಕೋಣೆಗೆ ಹಾಕಲ್ಲ. ಬೀರುವಿನ ಹಿಂಬದಿಗೆ, ಟೇಬಲ್ಲಿಗೆ, ಶೋಕೇಸಿಗೆ ನಿಮ್ಮ ಬೋರ್ಡ್ ಖಂಡಿತ ತಗೋತೀನಿ. ಸಿಂಕ್ ಕೆಳಗೆ ಮಾತ್ರ ಯಾರು ಹೇಳಿದರೂ ಇಲ್ಲ.